ಹೆಂಡತಿಯ ಸೈಕಲ್ಲಿಗೆ ಕೊಟ್ಟ ಅಳತೆ

ಹಳೆಯ ಗಿರಾಕಿಗೆ ಎರಡನೇ ಸಲ ಟೇಪು ಹಿಡಿಯುವುದೆಂದರೆ ನಮ್ಮ ಟೈಲರ್ ಮಾಸ್ತರಿಗೆ ಅವಮಾನ. ಒಮ್ಮೆ ಅಳೆದರೆ ಮುಗಿಯಿತು; ಆ ಮನುಷ್ಯನ ಭುಜ, ಸೊಂಟ, ಕಾಲುದ್ದ ಎಲ್ಲ ಅವರ ತಲೆಯಲ್ಲಿ ಭದ್ರ. ನಡುವೆ ಹೊಟ್ಟೆ ಬಂದಿದ್ದರೆ ಅದು ಗಿರಾಕಿಯ ತಪ್ಪೇ ಹೊರತು ಮಾಸ್ತರದ್ದಲ್ಲ. ಇಂಥವರ ಹೆಂಡತಿ, ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಬಗ್ಗಿ ಕೂತು ಗುಂಡಿ ಹಾಕುತ್ತ, ಅಂಚು ಮಡಚುತ್ತ ಆಯುಸ್ಸು ಕಳೆದವಳು, ಮದುವೆಯಾದ ಮೇಲೆ ಮೊದಲ ಬಾರಿ ಬಾಯಿಬಿಟ್ಟು ಏನನ್ನೋ ಕೇಳಿದಳು.

"ರೀ, ನನಗೊಂದು ಸೈಕಲ್ ಕೊಡಿಸ್ತೀರಾ?"

ಮಾಸ್ತರು ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿ ನುಂಗದೆ ಉಳಿದದ್ದೇ ಹೆಚ್ಚು.

"ಈ ವಯಸ್ಸಿನಲ್ಲಾ?"

"ಪಕ್ಕದ ಮನೆ ಅಕ್ಕ ತಂಗಿ ರಜಾ ದಿನ ಕೆರೆ ಸುತ್ತ ಹೋಗ್ತಾರೆ, ನನ್ನನ್ನೂ ಕರೀತಿದಾರೆ. ಚಿಕ್ಕವಳಿದ್ದಾಗ ಅಣ್ಣನ ಸೈಕಲ್ ಕದ್ದು ತುಳಿದವಳು ನಾನು."

ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ಮಾಸ್ತರಿಗೆ ಇದು ಗೊತ್ತಿರಲಿಲ್ಲ. ಕೊಡಿಸುವುದಾದರೆ ಒಳ್ಳೆಯದನ್ನೇ ಕೊಡಿಸಬೇಕು ಎಂದು ಅವರೊಬ್ಬರೇ ಹೊರಟರು.

ಸೈಕಲ್ ಅಂಗಡಿಯಲ್ಲಿ ದಪ್ಪ ಚಕ್ರದ್ದು, ತೆಳು ಚಕ್ರದ್ದು, ಗೇರಿನದು, ಬುಟ್ಟಿಯದು ಎಂದು ನೂರೆಂಟು ಬಗೆ. ಮಾಸ್ತರ ತಲೆ ಗಿರ್ ಎಂದಿತು. ಅಂಗಡಿಯವನು ನಗುತ್ತ, "ಗೇರು, ಬಣ್ಣ ಎಲ್ಲ ಆಮೇಲೆ ಮಾಸ್ಟ್ರೇ. ಮೊದಲು ಫ್ರೇಮು. ಅಮ್ಮನ್ನ ಕರ್ಕೊಂಡು ಬನ್ನಿ. ಕಾಲು, ಬೆನ್ನು, ತೋಳು ಅಳೀಬೇಕು" ಎಂದ.

"ಯಾರ ಹತ್ರ ಅಳತೆ ಮಾತಾಡ್ತಿದೀಯಪ್ಪಾ? ನನ್ನ ಹೆಂಡತಿ ಅಳತೆ ನಿದ್ದೇಲಿ ಕೇಳಿದ್ರೂ ಹೇಳ್ತೀನಿ."

ಹೇಳಿಯೂ ಬಿಟ್ಟರು. ಜೋಡಿಸಿದ ಮೇಲೆ ವಾಪಸ್ ತಗೊಳ್ಳಲ್ಲ ಎಂದು ಅವನು ಎಚ್ಚರಿಸಿದ್ದು ಅವರ ಕಿವಿಗೆ ಬೀಳಲಿಲ್ಲ. ಹೆಲ್ಮೆಟ್ಟು, ಕೈಗವಸು, ದೀಪ ಎಲ್ಲ ಆರಿಸಿದರು. ಕೂರುವ ಕಡೆ ಮೆತ್ತೆ ಇಟ್ಟ ಚಡ್ಡಿಯನ್ನು ಮಾತ್ರ ಒಳಮಗ್ಗುಲು ತಿರುವಿ ನೋಡಿ, "ಈ ಹೊಲಿಗೆಗೆ ಇಷ್ಟು ಜಂಬವಾ? ನಾನೇ ಹೊಲಿದು ಕೊಡ್ತೀನಿ" ಎಂದು ಮೂಗು ಮುರಿದರು.

ಸೈಕಲ್ ಬಂದ ಬೆಳಿಗ್ಗೆ ಪಕ್ಕದ ಮನೆಯವರು ಗೇಟಿನ ಬಳಿ ಕಾದು ನಿಂತಿದ್ದರು. ಹೆಂಡತಿ ಹೆಲ್ಮೆಟ್ಟು ಹಾಕಿಕೊಂಡು ಹತ್ತಿ ಕೂತಳು. ಕಾಲು ನೆಲಕ್ಕೆ ಸರಿಯಾಗಿ ಮುಟ್ಟಿತು. ಆದರೆ ಕೈ ಹ್ಯಾಂಡಲ್ ಮುಟ್ಟಲು ಒದ್ದಾಡಿತು. ಸೀಟಿನ ಮುಂತುದಿಗೆ ಜಾರಿ ಕೂತು ಹ್ಯಾಂಡಲ್ ಹಿಡಿದರೂ ಬೆರಳು ಬ್ರೇಕಿಗೆ ಎಟುಕಲಿಲ್ಲ.

"ಆ ಮನುಷ್ಯ ಅಳತೆ ಕೆಡಿಸಿದಾನೆ!" ಮಾಸ್ತರು ಕೆಂಡವಾದರು. ಒಳಗಿಂದ ಟೇಪು ತಂದು ಫ್ರೇಮಿಗೆ ಹಿಡಿದರು. ಅವರು ಹೇಳಿದ ಅಳತೆಗೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅದೇ ಟೇಪನ್ನು, ಮದುವೆಯ ಹೊಸತರಲ್ಲಿ ಹಿಡಿದ ಮೇಲೆ ಇದೇ ಮೊದಲು, ಹೆಂಡತಿಯ ಕತ್ತಿನ ಬುಡಕ್ಕೆ ಇಟ್ಟು ಸೊಂಟದವರೆಗೆ ಇಳಿಸಿದರು. ತಲೆಯಲ್ಲಿದ್ದ ಅಂಕಿ ಬರಲಿಲ್ಲ. ಇನ್ನೊಮ್ಮೆ ಇಳಿಸಿದರು. ಬೆನ್ನು ಕುಗ್ಗಿತ್ತು, ಕತ್ತಿನ ಕೆಳಗೆ ಬಾಗಿತ್ತು. ಬಟ್ಟೆಯಾಗಿದ್ದರೆ ಬಿಚ್ಚಿ ಸರಿಮಾಡಬಹುದಿತ್ತು.

"ಯಾವಾಗಿಂದ?"

"ಆಗಲೇ ಸುಮಾರು ದಿನ ಆಯ್ತು. ನೀವು ನನಗೆ ಹೊಲಿದ ಅಂಗಿಗಳ ಹೊಲಿಗೆ ಬಿಚ್ಚಿ ಬೆನ್ನು ಗಿಡ್ಡ ಮಾಡ್ಕೊಳ್ತಿದ್ದೆ. ನಿಮಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ."

"ಡಾಕ್ಟರ್ ಹತ್ರ..."

"ಹೋಗಿದ್ದೆ. ಮೂಳೆ ಸವೀತಿದೆ, ಬಿದ್ರೆ ಕಷ್ಟ ಅಂದ್ರು. ಮಾತ್ರೆ ತಗೊಳ್ತಿದೀನಿ."

"ಮತ್ತೆ ಸೈಕಲ್ ಯಾಕೆ ಕೇಳಿದೆ, ಪುಣ್ಯಾತ್ಗಿತ್ತಿ?"

"ಅದಕ್ಕೇ ಕೇಳಿದ್ದು. ಮುಂದೆ ಆಗಲ್ವಲ್ಲ."

ಮಾಸ್ತರಿಗೆ ಅಳು ಬಂತು, ನಾಚಿಕೆಯೂ ಆಯಿತು. ದಿನವೂ ಕಣ್ಣೆದುರು ಇದ್ದವಳು. ಊರವರ ಮೈಯನ್ನೆಲ್ಲ ಬಲ್ಲವರಿಗೆ ಇವಳು ಕಾಣಿಸಿರಲಿಲ್ಲ. ಇಳಿ ಎನ್ನಲು ಬಾಯಿ ತೆರೆದರು. ಅವಳ ಮುಖ ನೋಡಿ ಬಾಯಿ ಮುಚ್ಚಿಕೊಂಡರು.

"ಇವತ್ತು ಬೀದಿ ತುದಿವರೆಗೆ ಸಾಕು. ಹಿಂದೆ ಹಿಡ್ಕೊಳ್ಳಿ" ಎಂದಳು.

ಹಿಡಿದರು. ಅವಳು ತುಳಿದಳು. ನಾಲ್ಕು ಮಾರು ಹೋಗುವಷ್ಟರಲ್ಲಿ ಹಳೆಯ ರೂಢಿ ಮೈಗೆ ಬಂತೇನೋ, ಸೈಕಲ್ ಓಲಾಡುವುದು ನಿಂತಿತು. ಅವಳು ಗಟ್ಟಿಯಾಗಿ ನಕ್ಕಳು.

"ಬಿಡ್ರೀ ಈಗ!"

ಮಾಸ್ತರು ಏದುಸಿರು ಬಿಡುತ್ತ ಓಡುತ್ತಿದ್ದರು.

"ರೀ, ಬಿಡಿ ಅಂದ್ನಲ್ಲ!"

"ಬಿಟ್ಟೆ ಕಣೇ, ಬಿಟ್ಟೆ" ಎಂದು ಸುಳ್ಳು ಹೇಳಿ, ಎರಡೂ ಕೈಯಲ್ಲಿ ಸೀಟು ಹಿಡಿದುಕೊಂಡೇ ಅವಳ ಹಿಂದೆ ಓಡಿದರು.