ನಲ್ಲಿಯ ಸದ್ದಿನ ಹಾಡು

ರಾಕ್ ಹಾಡುಗಳಲ್ಲಿ ನಶೆಗೆ ಯಾವಾಗಲೂ ಹಬ್ಬದ ಬಟ್ಟೆ. ಅದು ಪ್ರೇಯಸಿ, ಇಲ್ಲವೇ ಕುದುರೆ, ಇಲ್ಲವೇ ಮೋಡದಾಚೆಗಿನ ಊರು. ಹಾಳಾಗುವವನೂ ಚಂದವಾಗಿಯೇ ಹಾಳಾಗುತ್ತಾನೆ. ಕತ್ರಿಗುಪ್ಪೆಯ ನಮ್ಮ ಬ್ಯಾಂಡಿಗೆ ಕನ್ನಡದಲ್ಲಿ ಹಾಡು ಬರೆಯುತ್ತಿದ್ದ ನಾನೂ ಅದೇ ಜಾಡು ಹಿಡಿದಿದ್ದೆ. ಮಾದಕ ಪುಡಿಯ ಮೇಲೊಂದು ಹಾಡು ಬರೆದು, ಅದಕ್ಕೆ ರೆಕ್ಕೆ ಕಟ್ಟಿದ್ದೆ. ಜಯನಗರದ ಕಾಲೇಜುಗಳಲ್ಲಿ ಹುಡುಗರು ಅದಕ್ಕೆ ಕುಣಿದು ಕುಪ್ಪಳಿಸುತ್ತಿದ್ದರು.

ಅದನ್ನು ಹಾಡುತ್ತಿದ್ದ ನನ್ನ ಗೆಳೆಯ ನಿಜಕ್ಕೂ ಆ ಪುಡಿಗೆ ಬಿದ್ದಿದ್ದ. ನಮಗೆ ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ವ್ಯಸನಮುಕ್ತಿ ಕೇಂದ್ರದಲ್ಲಿದ್ದು ಚೇತರಿಸಿಕೊಂಡು ಮನೆಗೆ ಬಂದ. ಮನೆಯಲ್ಲಿ ತಾಯಿ, ಮಗ ಇಬ್ಬರೇ. ಆ ವಿಷಯವನ್ನು ಇಬ್ಬರೂ ಎತ್ತಲಿಲ್ಲ.

"ಬೈದಿದ್ರೂ ಪರ್ವಾಗಿರ್ಲಿಲ್ಲ ಮಗಾ. ಅನ್ನ ಬೇಕಾ, ಸಾರು ಬೇಕಾ, ಅಷ್ಟೇ ಕೇಳ್ತಾಳೆ," ಎಂದು ನನ್ನ ಹತ್ತಿರ ಅಲವತ್ತುಕೊಂಡ.

ನವೆಂಬರಿನಲ್ಲಿ ಅವರ ಬೀದಿಯ ರಾಜ್ಯೋತ್ಸವ. ಸಂಘದವರು ಆರ್ಕೆಸ್ಟ್ರಾದ ನಡುವೆ ನಮಗೆ ಒಂದು ಹಾಡಿಗೆ ಅವಕಾಶ ಕೊಟ್ಟರು. ಅವನು ಆ ಹಳೆಯದನ್ನೇ ಹಾಡುತ್ತೇನೆಂದ.

"ಟ್ಯೂನ್ ಅದೇ ಇರ್ಲಿ. ರೆಕ್ಕೆ ಗಿಕ್ಕೆ ಎಲ್ಲಾ ತೆಗ್ದಾಕು ಗುರು."

"ಮತ್ತೇನ್ ಬರೀಲಿ?"

"ನಾನೆಲ್ಲೂ ಹಾರ್ಲಿಲ್ಲ. ಬಾತ್‌ರೂಮ್ ನೆಲದ ಮೇಲೆ ಕೂತಿರ್ತಿದ್ದೆ, ಅಮ್ಮಂಗೆ ಕೇಳಿಸ್ಬಾರ್ದು ಅಂತ ನಲ್ಲಿ ಬಿಟ್ಕೊಂಡು. ಅವಳು ಬಾಗಿಲು ಬಡಿದು, ಕಾವೇರಿ ನೀರು ದಿನಾ ಬರಲ್ಲ, ನಿಲ್ಸೋ ಅಂತಿದ್ಲು. ಅದನ್ನೇ ಬರಿ. ಎದುರಿಗೆ ಹೇಳೋಕಾಗ್ತಿಲ್ಲ, ಹಾಡ್ತೀನಿ."

ನನಗೆ ಸಿಟ್ಟು ಬಂತು. ನಲ್ಲಿ, ಬಕೆಟ್ಟು ಇಟ್ಟುಕೊಂಡು ಎಲ್ಲಾದರೂ ರಾಕ್ ಹಾಡಾಗುತ್ತದೆಯೇ? ಆದರೆ ಬರೆಯುತ್ತಾ ಹೋದಂತೆ ಸಿಟ್ಟು ಇಳಿಯಿತು. ಆ ಬಾಗಿಲಿನ ಎರಡೂ ಕಡೆಯವರನ್ನು ನಾನು ಬಲ್ಲೆ.

ಆ ಸಂಜೆ ಅವನ ತಾಯಿ ಮುಂದಿನ ಸಾಲಿನಲ್ಲೇ ಕೂತಿದ್ದರು. ಸಿನಿಮಾ ಹಾಡಿಗೆ ಕಾಯುತ್ತಿದ್ದ ಜನ ನಮ್ಮ ಹಾಡಿಗೆ ಆಕಳಿಸಿದರು. ನಲ್ಲಿಯ ಸಾಲು ಬಂದಾಗ, ತಾಳ ಹಾಕುತ್ತಿದ್ದ ಆಕೆಯ ಕೈ ನಿಂತಿತು. ಹಾಡು ಮುಗಿಯುವವರೆಗೂ ಅವನ ಮುಖದಿಂದ ಕಣ್ಣು ಕೀಳಲಿಲ್ಲ. ಆಮೇಲೆ ಎದ್ದು ಯಾರಿಗೂ ಹೇಳದೆ ಮನೆಗೆ ನಡೆದರು.

"ಹೇಳ್ಬಾರ್ದಿತ್ತೇನೋ," ಎಂದ ಅವನು. ನನಗೂ ಹಾಗೇ ಅನಿಸಿ ಭಯವಾಗಿತ್ತು.

ಮಾರನೆಯ ಬೆಳಿಗ್ಗೆ ನೋಡಿಕೊಂಡು ಬರೋಣವೆಂದು ಅವರ ಮನೆಗೆ ಹೋದೆ. ಅವನು ಸ್ನಾನಕ್ಕೆ ಹೋಗಿದ್ದ. ಬಾತ್‌ರೂಮಿನಲ್ಲಿ ನೀರು ಸುರಿಯುತ್ತಲೇ ಇತ್ತು. ಅವನ ತಾಯಿ ನನಗೆ ಕಾಫಿ ಕೊಟ್ಟು, ಹೋಗಿ ಬಾಗಿಲು ಬಡಿದರು. ಬಂತು ಕಾವೇರಿಯ ಮಾತು ಎಂದುಕೊಂಡೆ.

"ಹುಷಾರಾಗಿದ್ದೀಯೇನೋ ಕಂದ?"

ಒಳಗೆ ನಲ್ಲಿ ನಿಂತಿತು. "ಇದ್ದೀನಮ್ಮ," ಎಂದ.

"ನೀರು ಹೋದ್ರೆ ಹೋಗ್ಲಿ. ನೀನು ಮಾತಾಡ್ತಿರು," ಎಂದು ಆಕೆ ಬಾಗಿಲ ಹೊರಗೆ ನೆಲದ ಮೇಲೆಯೇ ಕೂತರು.