ಪುದೀನ ಆಯಿಯ ಡಬ್ಬಿಗಳು

ಆಯಿಯ ಬಲಗೈ ಹೆಬ್ಬೆರಳಿನ ಉಗುರಿನ ಅಂಚು ಸದಾ ಹಸಿರಾಗಿರುತ್ತಿತ್ತು. ಎಷ್ಟು ಸೋಪು ಹಚ್ಚಿ ತಿಕ್ಕಿದರೂ ಹೋಗದ ಹಸಿರು. ಪುದೀನಕ್ಕೆ ಆಕೆ ಈಳಿಗೆ, ಕತ್ತರಿ ಯಾವುದನ್ನೂ ಸೋಕಿಸದೆ ಉಗುರಿನಿಂದಲೇ ಚಿವುಟುತ್ತಿದ್ದಳು. ಓಣಿಯ ಮಕ್ಕಳು ಎದುರಾದರೆ ಆ ಹೆಬ್ಬೆರಳನ್ನು ಅವರ ಮೂಗಿನ ಕೆಳಗೆ ಹಿಡಿದು, "ಏನಿದು, ಹೇಳು ನೋಡೂಣು" ಎನ್ನುವಳು. ಪುದೀನವೋ, ಸಬ್ಬಸಗಿಯೋ, ಕೊತ್ತಂಬರಿಯೋ, ಸರಿಯಾಗಿ ಹೇಳಿದವರಿಗೆ ಸೆರಗಿನ ಗಂಟಿನಿಂದ ಒಂದು ಪೆಪ್ಪರಮೆಂಟು. ನಾನು ಮದುವೆಯಾಗಿ ಮುದ್ದೇಬಿಹಾಳದ ಆ ಓಣಿಗೆ ಬಂದ ಹೊಸತರಲ್ಲಿ ನನ್ನ ಮೂಗಿಗೂ ಹಿಡಿದಿದ್ದಳು. ನಾನು ತಪ್ಪು ಹೇಳಿದೆ. ಆದರೂ ಪೆಪ್ಪರಮೆಂಟು ಸಿಕ್ಕಿತು.

ನಮಗೆ ಆಕೆ ಬಳಗವೇನಲ್ಲ, ಗೋಡೆಗೆ ಗೋಡೆ ಹತ್ತಿದ ನೆರೆಮನೆಯಾಕೆ. ಓಣಿಗೆಲ್ಲ ಆಯಿ. ಚಳಿಗಾಲದಲ್ಲಿ ಮೆಂತ್ಯದ ಸೊಪ್ಪು ಹುಲುಸಾಗಿ ಬಂದಾಗ ಆಕೆಯ ಮಾಳಿಗೆ ನೋಡಬೇಕಿತ್ತು. ತೊಳೆದ ಸೊಪ್ಪನ್ನು ಹಳೆಯ ಧೋತರದ ಮೇಲೆ ಹರವಿ, ಹಗ್ಗದ ಹೊರಸಿನಡಿಯ ನೆರಳಿಗೆ ತಳ್ಳಿ, ಕಾವಲು ಕೂರುವಳು. "ಎಲಿಗಿ ಬಿಸಲ ತೋರಸಬ್ಯಾಡ, ಗಾಳಿ ತೋರಸು. ಬಿಸಲಿಗಿ ಕೊಟ್ಟರ ಹುಲ್ಲಾಗತೈತಿ, ದನಕ್ಕ ಹಾಕಬೇಕಷ್ಟ" ಎನ್ನುತ್ತಿದ್ದಳು. ಒಣಗಿತೋ ಇಲ್ಲವೋ ಎಂದು ಕಿವಿಯ ಹತ್ತಿರ ಹಿಡಿದು ಹಿಸುಕಿ ಸದ್ದು ಕೇಳುವಳು. ಆಗ ಮನೆಮನೆಯಿಂದ ಖಾಲಿ ಡಬ್ಬಿಗಳು ಆಕೆಯ ಕಟ್ಟೆಗೆ ಬರುತ್ತಿದ್ದವು, ತುಂಬಿಕೊಂಡು ಹೋಗುತ್ತಿದ್ದವು. ಬೇಸಗೆಯಲ್ಲಿ ಸಂತೆಯ ಸೊಪ್ಪೆಲ್ಲ ಬಾಡಿ ಬರುವ ಹೊತ್ತಿಗೆ ಓಣಿಯ ಎಲ್ಲರ ಬೇಳೆಯಲ್ಲೂ ಆಯಿಯ ಮೆಂತ್ಯದ ವಾಸನೆ. ಆಕೆ ಕಟ್ಟೆಯ ಮೇಲೆ ಕೂತು ಅದನ್ನು ಮೂಸುತ್ತಾ ಸುಮ್ಮನೆ ನಗುವಳು. ಅದಕ್ಕಿಂತ ದೊಡ್ಡ ಸುಖ ಆಕೆಗೆ ಇದ್ದಂತೆ ನನಗೆ ಕಾಣಲಿಲ್ಲ.

ನಾನು ಬಂದ ಮೊದಲ ಬೇಸಗೆಯಲ್ಲಿ ಆಕೆಯ ಮನೆಮಂದಿಯೆಲ್ಲ ತಂಗಡಗಿಗೆ ಹೊರಟರು, ಮಗಳ ಹೊಸ ಮನೆಯ ವಾಸ್ತುಶಾಂತಿಗೆ. "ನಾಕ ದಿನಾ ನೀರ ಹಾಕವಾ ತಂಗಿ" ಎಂದು ಆಯಿ ಹಿತ್ತಲನ್ನು ನನಗೆ ಒಪ್ಪಿಸಿದಳು. ನಳದ ನೀರು ನಿಂತುಹೋಗಿತ್ತು. ಬೋರಿನ ಉಪ್ಪುಪ್ಪು ಸವಳು ನೀರನ್ನೇ ಹೊತ್ತು ಹಾಕಿದೆ. ನಡುವೆ ನನ್ನ ತಿಂಗಳ ಅಡಚಣೆಯೂ ಬಂತು. ಅಡುಗೆಮನೆಯಿಂದ ದೂರ ಇರು ಎಂದಿದ್ದರು ಅತ್ತೆ, ಇದ್ದೆ. ಗಿಡಕ್ಕೂ ಆ ನೇಮವಿದೆಯೆಂದು ಯಾರೂ ಹೇಳಿರಲಿಲ್ಲ. ತವರೂರು ಇಂಡಿಯ ಲಿಂಬೆ ತೋಟದಲ್ಲಿ ಬೆಳೆದವಳು ನಾನು; ಅಂಥ ದಿನಗಳಲ್ಲೂ ಗಿಡಕ್ಕೆ ನೀರು ಬಿಟ್ಟವಳು. ಇಲ್ಲಿಯವರ ಪ್ರಕಾರ ಅಡಚಣೆಯಿದ್ದವಳು ಹಿತ್ತಲಿಗೆ ಕಾಲಿಟ್ಟರೆ ಗಿಡ ಸಾಯುತ್ತದೆ. ಪುದೀನ ಕಪ್ಪಿಟ್ಟಿತು, ಕರಿಬೇವು ಜೋತುಬಿದ್ದಿತು.

ನಮ್ಮ ಮನೆಯೆದುರಿನ ಬೋರಿನ ಹತ್ತಿರ ಕೊಡ ಇಟ್ಟುಕೊಂಡು ನಿಂತ ಹೆಂಗಸರೆದುರು ಎದುರುಮನೆಯಾಕೆ ಕೇಳಿಯೇಬಿಟ್ಟಳು: "ಅಡಚಣಿ ಇದ್ದಾಗ ಹಿತ್ತಲಕ್ಕ ಹೋಗಿದ್ದಿ, ಹೌದಿಲ್ಲೋ?"

ನಾನು ತಲೆ ತಗ್ಗಿಸಿದೆ. ಅತ್ತೆ ಹಣೆ ಬಡಿದುಕೊಂಡರು. "ಇಷ್ಟಾದರೂ ಕಲಿಸಿ ಕಳಸಬಾರದಿತ್ತೇನ ನಿಮ್ಮವ್ವ?" ನನ್ನ ಗಂಡ ಬಾಗಿಲಲ್ಲಿ ನಿಂತು ಮೊಬೈಲು ನೋಡುತ್ತಿದ್ದ. ಮೈಮೇಲಿನ ಸೀರೆ ಕಳಚಿಬಿದ್ದರೂ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಅಷ್ಟರಲ್ಲಿ ಆಯಿ ಬಸ್ಸಿಳಿದು, ಕೈಚೀಲ ಹಿಡಿದು ಬಂದಳು. ಒಂದು ಗಳಿಗೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು.

"ಆ ಹುಡಗೀನ ಯಾಕ ನಿಂದರಿಸಿ ಕೇಳಾಕತ್ತೀರಿ? ನನ್ನ ಕೇಳ್ರಿ" ಎಂದಳು. "ಹರೇದಾಗ ನಾ ಅಡಚಣಿ ಇದ್ದಾಗೂ ಇದ ಪುದೀನಾ ಚಿವುಟೇನಿ. ನೀವು ದೇವರ ಎಡಿಗಿ ಹಾಕಿದ ಕರಿಬೇವೂ ಹಂಗ ಹರದು ಕೊಟ್ಟಿದ್ದು. ಹಿತ್ತಲಾ ಸತ್ತಿತ್ತೇನು? ದೇವರು ಸಿಟ್ಟಾಗಿದ್ದನೇನು?"

ಹೆಂಗಸರು ಕೊಡ ಎತ್ತಿಕೊಂಡು ಒಬ್ಬೊಬ್ಬರೇ ಹೋದರು. ಆಯಿ ನನ್ನನ್ನು ಹಿತ್ತಲಿಗೆ ಕರೆದೊಯ್ದು, ಬೆರಳಿನಿಂದ ಮಣ್ಣು ಕೆದರಿ ಬೆಳ್ಳನೆಯ ಬೇರು ತೋರಿಸಿದಳು. "ಬೇರ ಜೀವಂತ ಐತಿ. ಸವಳ ನೀರ ಸುಟ್ಟೈತಿ, ನೀ ಅಲ್ಲ." ಹೊಳೆಯ ನೀರು ನಳಕ್ಕೆ ಬಂದ ಮೇಲೆ ಪುದೀನ ಮತ್ತೆ ಚಿಗುರಿತು. ಆದರೆ ಅದನ್ನು ನೋಡಲು ಯಾರೂ ಗೋಡೆಯಾಚೆ ಇಣುಕಲಿಲ್ಲ.

ಮನೆಗಳಲ್ಲಿ ಉಳಿದಿದ್ದ ಆಯಿಯ ಮೆಂತ್ಯ, ನೇಮಗೆಟ್ಟ ಕೈಯದೆಂದು, ತಿಪ್ಪೆ ಸೇರಿತು. ನಮ್ಮ ಮನೆಯದೂ. ಮುಂದಿನ ಚಳಿಗಾಲ ಒಂದೇ ಒಂದು ಖಾಲಿ ಡಬ್ಬಿ ಬರಲಿಲ್ಲ. ಆಯಿ ಮಕ್ಕಳ ಮೂಗಿಗೆ ಬೆರಳು ಹಿಡಿಯಲು ಹೋದರೆ ತಾಯಂದಿರು ಒಳಗಿನಿಂದ ಕೂಗಿ ಕರೆಯುತ್ತಿದ್ದರು. ಆಮೇಲಾಮೇಲೆ ಆಕೆ ಬೆರಳು ಹಿಡಿಯುವುದನ್ನೇ ಬಿಟ್ಟಳು. ಒಂದು ಹೊರಸಿನಡಿ ಹಿಡಿಸುವಷ್ಟು ಮಾತ್ರ ಮೆಂತ್ಯ ಒಣಗಿಸಿ, ನನ್ನನ್ನು ಮಾಳಿಗೆಗೆ ಕರೆದು, "ನೀ ತಿಂತೀಯಲ್ಲ?" ಎಂದು ಕೇಳುವಳು.

"ತಿಂತೇನ್ರಿ ಆಯಿ."

ನನಗೆ ಮರುಕವಿತ್ತು, ಇಲ್ಲವೆನ್ನಲಾರೆ. ಆದರೆ ಒಳಗೊಳಗೆ ಖುಷಿಯೂ ಇತ್ತು. ಇಡೀ ಓಣಿಯಲ್ಲಿ ನನ್ನಂಥವಳು ಇನ್ನೊಬ್ಬಳಿದ್ದಾಳೆ, ಗಟ್ಟಿಗಿತ್ತಿ, ಯಾರಿಗೂ ಹೆದರದವಳು. ಅಂಥವರಿಗೆ ಇದೆಲ್ಲ ಇದ್ದದ್ದೇ ಎಂದುಕೊಂಡಿದ್ದೆ.

ಹೋದ ವರ್ಷ ಆಯಿ ತೀರಿಕೊಂಡಳು. ದಿನಕರ್ಮ ಮುಗಿದ ಮೇಲೆ ತಂಗಡಗಿಯ ಮಗಳು ಪುದೀನದ ಬೇರನ್ನು ಹಸಿ ಚೀಲದಲ್ಲಿ ಸುತ್ತಿ ನನ್ನ ಕೈಗಿಟ್ಟಳು. "ತಗೊಳ್ರಿ ವೈನಿ, ಅವ್ವಗ ನಿಮ್ಮ ಮ್ಯಾಲ ಭಾಳ ಜೀವ ಇತ್ತು. ಆದ್ರ ಅಡಚಣಿ ಇದ್ದಾಗ ಮುಟ್ಟಬ್ಯಾಡ್ರಿ. ಆ ದಿನಾ ನಮ್ಮವ್ವ ಹಿತ್ತಲ ಹೊಸ್ತಲಾ ಸೈತ ದಾಟತಿದ್ದಿಲ್ಲ. ನಾ ಸಣ್ಣಾಕಿದ್ದಾಗ ಆಗೆಲ್ಲಾ ನೀರ ಹಾಕೂದು ನನ್ನ ಕೆಲಸಾನ ಇತ್ತು."

ಭೂಮಿ ಬಾಯಿ ಬಿಡಬಾರದೇ ಅನಿಸಿತು. ಆಯಿ ಆ ನೇಮವನ್ನು ನಂಬಿದ್ದಳು, ಬದುಕಿಡೀ ಪಾಲಿಸಿದ್ದಳು. ನಂಬಿಕೊಂಡೇ, ತಾನು ಮಾಡದ ಪಾಪವನ್ನು ಎಲ್ಲರೆದುರು ತನ್ನ ತಲೆಗೆ ಕಟ್ಟಿಕೊಂಡಳು. ಮೊನ್ನೆ ಮೊನ್ನೆ ಬಂದ, ಪುದೀನದ ವಾಸನೆಯೂ ತಿಳಿಯದ ಒಬ್ಬ ಸೊಸೆಗಾಗಿ.

ಈ ಚಳಿಗಾಲ ನನ್ನ ಮಾಳಿಗೆಯ ಹೊರಸಿನಡಿ ಮೆಂತ್ಯ ಒಣಗಿತು. ಕಟ್ಟೆಗೆ ಮತ್ತೆ ಖಾಲಿ ಡಬ್ಬಿಗಳು ಬಂದವು. ಎದುರುಮನೆಯಾಕೆ ಒಂದು ಚಿಟಿಕೆ ತಿಕ್ಕಿ ಮೂಸಿ, "ಆಯಿ ಕೈ ವಾಸನಿ ಬಂದೈತಿ ನೋಡ" ಎಂದಳು. "ಆದ್ರ ನೀ ಆವತ್ತಿನಿಂದ ನೇಮ ಹಿಡದಾಕಿ. ನಿಂದು ಚಿಂತಿಲ್ಲದ ತಿನಬಹುದು."

ನಾನು ಯಾವ ನೇಮವನ್ನೂ ಹಿಡಿದಿಲ್ಲ. ಅಡಚಣೆ ಇದ್ದಾಗಲೂ ಚಿವುಟುತ್ತೇನೆ, ಇಲ್ಲದಾಗಲೂ ಚಿವುಟುತ್ತೇನೆ. ನೇಮದವಳು ಆಯಿ ಎಂಬ ಮಾತು ನಾಲಗೆಯ ತುದಿಗೆ ಬಂತು. ಅದನ್ನು ಹೇಳಿದರೆ ನನ್ನದನ್ನೂ ಹೇಳಬೇಕು, ಹೇಳಿದರೆ ಡಬ್ಬಿಗಳು ವಾಪಸು ಹೋಗುತ್ತವೆ.

"ಹೌದ್ರಿ" ಎಂದೆ. ಡಬ್ಬಿಯ ಮುಚ್ಚಳ ಬಿಗಿದು ಎಡಗೈಯಿಂದಲೇ ಕೊಟ್ಟೆ. ಬಲಗೈ ಹೆಬ್ಬೆರಳಿನ ಉಗುರು ಹಸಿರಾಗಿತ್ತು. ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದೆ.