ಅಣ್ಣನ ಕಂಪ್ಯೂಟರ್ ಅಳಿಸಿದ ಬೆಳಗು

ಕುಷಾಯಿಗೂಡದ ನಮ್ಮ ಮನೆಯ ಬಾಗಿಲ ಮೇಲೆ ಅಣ್ಣ ಒಂದು ಕ್ಯಾಮೆರಾ ಕೂರಿಸಿದ್ದ. ಅದು ಹಿಡಿದದ್ದೆಲ್ಲ, ಧ್ವನಿಯೂ ಸೇರಿ, ಒಳಕೋಣೆಯ ಹಳೆಯ ಕಂಪ್ಯೂಟರಿಗೆ ಹೋಗುತ್ತಿತ್ತು; ಅದರಲ್ಲಿದ್ದದ್ದನ್ನು ಫೋನಿನಲ್ಲೂ ನೋಡಬಹುದಿತ್ತು. ಜಾಗ ತುಂಬಬಾರದೆಂದು, ತಿಂಗಳಿಗಿಂತ ಹಳೆಯದನ್ನು ದಿನವೂ ಅಳಿಸುವ ಕೆಲಸವನ್ನು ಒಂದು ಉಚಿತ ತಂತ್ರಾಂಶಕ್ಕೆ ಒಪ್ಪಿಸಿದ್ದ.

"ನಿನಗ ಹತ್ತು ಸಲ ಹೇಳಬೇಕವ್ವಾ, ಇದಕ್ಕ ಒಮ್ಮೆ ಹೇಳಿದ್ರ ಸಾಕು," ಎಂದು ಅವ್ವನನ್ನು ಕಾಡುತ್ತಿದ್ದ.

"ಹಂಗಾರ ರೊಟ್ಟೀನೂ ಅದಕ್ಕ ಬಡಿ ಅನ್ನು," ಎನ್ನುತ್ತಿದ್ದಳು ಅವ್ವ.

ಒಂದು ಬೆಳಿಗ್ಗೆ ಶಂಶಾಬಾದಿನ ಕೆಲಸಕ್ಕೆ ಹೊರಟವನು ದಾರಿಯಲ್ಲೇ ಎದೆನೋವು ಬಂದು ತೀರಿಕೊಂಡ. ಅವನು ಹೊರಡುವಾಗ ಅವ್ವ ಅಡಿಗೆಮನೆಯಲ್ಲಿದ್ದಳು, ಮಿಕ್ಸರ್ ನಡೆಯುತ್ತಿತ್ತು. ಅವನು "ಹೋಗಿ ಬರ್ತೀನಿ" ಅಂದನೋ ಇಲ್ಲವೋ ಅವಳಿಗೆ ಕೇಳಿಸಲಿಲ್ಲ. "ಬಾ" ಎನ್ನುವುದೂ ಆಗಲಿಲ್ಲ. ಮಾತಾಡಿಸಲು ಬಂದವರನ್ನೆಲ್ಲ ಅವಳು ಅದೊಂದನ್ನೇ ಕೇಳಿದಳು: "ಹೇಳಿ ಹೋದ್ನೇನು?"

ಮೂರನೆಯ ದಿನ ನಾನು ಫೋನಿನಲ್ಲಿ ಆ ಬೆಳಗಿನ ದೃಶ್ಯ ನೋಡಿದೆ. ಅವಳ ಮುಂದೆ ಹಿಡಿದೆ. ಅವಳು ಕಣ್ಣು ಮುಚ್ಚಿಕೊಂಡಳು. "ಈಗ ಬ್ಯಾಡ, ಎದಿ ತಡಿಯಂಗಿಲ್ಲ. ನೀ ಬಾಯಿಲೇನೂ ಹೇಳಬ್ಯಾಡ. ನಾನ ನೋಡ್ತೀನಿ."

ತಿಂಗಳು ತುಂಬುವ ಮೊದಲೇ ಸೋದರಮಾವ ಕಂಪ್ಯೂಟರಿನ ಪ್ಲಗ್ ಕಿತ್ತರು. "ಬಂದ್ ಇದ್ದದ್ದು ಏನ ಅಳಸ್ತೈತಿ? ಆಕೀಗೆ ಧೈರ್ಯ ಬಂದಾಗ ಹಚ್ಚಿ ತೋರ್ಸು." ನಮಗೆಲ್ಲ ಅದು ಸರಿಯೆನಿಸಿತು.

ಕೆಲವು ತಿಂಗಳು ಕಳೆದವು. ಒಂದು ಮಧ್ಯಾಹ್ನ ಅವ್ವ, "ಇವತ್ತು ಹಚ್ಚು," ಎಂದಳು. ನಾನು ಪ್ಲಗ್ ಹಾಕಿದೆ. ಅವಳು ಮುಖ ತೊಳೆದು, ಬೇರೆ ಸೀರೆ ಉಟ್ಟು, ಕನ್ನಡಕ ಒರೆಸಿಕೊಂಡು ಬಂದು ಕುರ್ಚಿಯಲ್ಲಿ ಕೂತಳು. ಫೋನು ತೆರೆದರೆ ಹಳೆಯ ಒಂದು ದಿನದ ದೃಶ್ಯವೂ ಉಳಿದಿರಲಿಲ್ಲ.

ಸಂಜೆ ಅಣ್ಣನ ಗೆಳೆಯ ಬಂದು ಬಹಳ ಹೊತ್ತು ತೆರೆಯನ್ನೇ ನೋಡಿದ. "ತಂಗೀ, ಇಲ್ಲಿ ಕರೆಂಟ್ ಹೋಗಿ ಬಂದು ಮಾಡ್ತೈತಲ್ಲ. ಹೊತ್ತಿಗೆ ಸರಿಯಾಗಿ ಕೆಲಸ ಮಾಡೋ ಬರೇ ಕ್ರಾನ್ ತಂತ್ರಾಂಶ ಆಗಿದ್ರ, ಆ ಹೊತ್ತಿಗೆ ಬಂದ್ ಇದ್ರ ತಪ್ಪಿದ್ದು ತಪ್ಪಿತು ಅಂತ ಬಿಡ್ತಿತ್ತು. ಅಂವ ಬೇಕಂತನ ಅನಾಕ್ರಾನ್ ಹಾಕ್ಯಾನ. ಬಂದ್ ಇದ್ದಾಗ ಉಳಿದ ಕೆಲಸ, ಚಾಲೂ ಆದ ಮ್ಯಾಲೆ ಇದು ತಾನ ಮಾಡಿ ಮುಗಸ್ತೈತಿ."

ಅವ್ವ ಸೀರೆ ಬದಲಿಸುತ್ತಿದ್ದಾಗ ಅದು ಮುಗಿಸಿತ್ತು. ಅಳಿಸಿದ್ದನ್ನು ಮರಳಿ ತರಲು ಅವನು ಎರಡು ದಿನ ಹೆಣಗಿದ. ಬರಲಿಲ್ಲ.

ಅವನು ಹೋದ ಮೇಲೆ ಅವ್ವ ನನ್ನನ್ನು ಹತ್ತಿರ ಕೂರಿಸಿಕೊಂಡಳು. "ನೀ ನೋಡೀಯಲ್ಲ, ಹೇಳು. ಹೆಚ್ಚಿಗಿ ಸೇರಸಬ್ಯಾಡ."

ನೋಡಿದ್ದಷ್ಟೇ ಹೇಳಿದೆ. ಎಡಗೈಯಲ್ಲಿ ಹೆಲ್ಮೆಟ್ ಹಿಡಿದು ಹೊಸ್ತಿಲಲ್ಲಿ ನಿಂತ. "ಅವ್ವಾ, ಹೋಗಿ ಬರ್ತೀನಿ" ಅಂದ. ಮಿಕ್ಸರಿನ ಸದ್ದಿತ್ತು. ಇನ್ನೊಮ್ಮೆ ಅಂದ. ಸ್ವಲ್ಪ ಹೊತ್ತು ನಿಂತ. ಆಮೇಲೆ ಹೆಲ್ಮೆಟ್ ಹಾಕಿಕೊಂಡು ಗೇಟು ಎಳೆದುಕೊಂಡ.

"ಮಾರಿ ಹೆಂಗಿತ್ತು?"

"ಮ್ಯಾಲಿಂದ ಬರೇ ತಲಿ ಕಾಣ್ತಿತ್ತವ್ವಾ."

"ನಕ್ಕ ಅಂತಾದ್ರೂ ಅನ್ನಬಾರದೇನ, ಹುಚ್ಚಿ," ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಈಗಲೂ ಆಗಾಗ ಕೇಳುತ್ತಾಳೆ. ಅದೇ ಮಾತುಗಳಲ್ಲಿ ಹೇಳುತ್ತೇನೆ. ಒಂದು ಮಾತು ಬದಲಾದರೆ ಆ ಬೆಳಗೇ ಬದಲಾದೀತೆಂಬ ಭಯ. ಮೊನ್ನೆ, ಹೆಲ್ಮೆಟ್ ಯಾವ ಕೈಯಲ್ಲಿತ್ತು ಎಂಬಲ್ಲಿ ತಡವರಿಸಿದೆ.

"ಎಡಗೈಯಾಗ," ಎಂದಳು ಅವ್ವ. "ಮುಂದ ಹೇಳು."